ಸೀಸೆ ಮೇಲೆ ಎಕ್ಸ್‌ಪೋರ್ಟ್, ಮಾರಾಟ ಮಾತ್ರ ಊರೊಳಗೆ: ವಿಟ್ಠಲ ಮಲ್ಯರ ಬದುಕು ಹೇಳುವ ಲೆಕ್ಕ

ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ ಕಡೆಯ ತಂಬಾಕು ರೈತರಿಗೆ ರಫ್ತು ಅಂದ್ರೇನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಹೊರದೇಶದ ಬೇಡಿಕೆ ಕುಸಿದರೆ ಇಲ್ಲಿನ ಹರಾಜು ಮಾರುಕಟ್ಟೇಲಿ ಬೆಲೆ ಬಿದ್ದೇಬಿಡುತ್ತೆ. ಅದೇ ರಸ್ತೆಯ ವೈನ್‌ಶಾಪುಗಳಲ್ಲಿ ಯುಬಿ ಎಕ್ಸ್‌ಪೋರ್ಟ್ ಅನ್ನೋ ಬಿಯರ್ ಸಿಗುತ್ತೆ. ಹೆಸರಲ್ಲಿ ರಫ್ತು ಇದೆ, ಖಾಲಿಯಾಗೋದು ಮಾತ್ರ ಇಲ್ಲೇ. ಯಾಕೆ ಹೀಗೆ ಅಂತ ತಿಳಿಯೋಕೆ ವಿಟ್ಠಲ ಮಲ್ಯ ಅವರ ಬದುಕನ್ನು ನೋಡಬೇಕು.

ಮಲ್ಯ ಹುಟ್ಟಿದ್ದು 1924ರಲ್ಲಿ. ಬಂಟ್ವಾಳ ಮೂಲದ ಕುಟುಂಬ, ತಂದೆ ಸೇನೆಯಲ್ಲಿ ವೈದ್ಯರು. ಕಲ್ಕತ್ತಾದಲ್ಲಿ ಓದಿದ ಹುಡುಗ ಇಪ್ಪತ್ತರ ಹರೆಯದಲ್ಲೇ ಯುನೈಟೆಡ್ ಬ್ರೂವರೀಸ್ ಕಂಪನಿಯ ಷೇರು ಕೊಳ್ಳತೊಡಗಿದರು. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ನೀಲಗಿರಿ, ಬೆಂಗಳೂರು ಮುಂತಾದೆಡೆಯ ಐದು ಬ್ರೂವರಿಗಳನ್ನು ಸೇರಿಸಿ ಕಟ್ಟಿದ್ದ ಕಂಪನಿ ಅದು. ಬ್ರಿಟಿಷ್ ಸಿಪಾಯಿಗಳೇ ದೊಡ್ಡ ಗಿರಾಕಿಗಳು. 1947ರಲ್ಲಿ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷವೇ ಅಧ್ಯಕ್ಷರೂ ಆದರು. ಆಗ ಅವರ ವಯಸ್ಸು 24.

ಕಾಲ ಮಾತ್ರ ಅನುಕೂಲವಾಗಿರಲಿಲ್ಲ. ಹಳೇ ಗಿರಾಕಿಗಳು ಹಡಗು ಹತ್ತಿದ್ದರು. 1948ರಲ್ಲಿ ಮದ್ರಾಸ್ ಪ್ರಾಂತ್ಯದ ತುಂಬಾ ಪಾನನಿಷೇಧ ಬಂತು. ಪಾನನಿಷೇಧದ ಆಶಯ ಸಂವಿಧಾನದ 47ನೇ ವಿಧಿಯಲ್ಲೂ ಸೇರಿತು. ಅದೇ ಹೊತ್ತಿಗೆ ಬ್ರಿಟನ್ ಮಾಡುತ್ತಿದ್ದದ್ದು ಇದಕ್ಕೆ ತದ್ವಿರುದ್ಧ. ಯುದ್ಧದಿಂದ ಸಾಲಗಾರನಾಗಿದ್ದ ಆ ದೇಶಕ್ಕೆ ಡಾಲರ್ ಬೇಕಿತ್ತು. ತನ್ನ ಜನಕ್ಕೆ ಕಡಿಮೆ ಮಾಡಿಯಾದರೂ ಸ್ಕಾಚನ್ನು ಹೊರಗೆ ಮಾರಿ ಅಂತ ಸರ್ಕಾರವೇ ದುಂಬಾಲು ಬಿತ್ತು. ಅಲ್ಲಿ ಮದ್ಯ ಅಂದ್ರೆ ವಿದೇಶಿ ವಿನಿಮಯ. ಇಲ್ಲಿ ಅದು ನಾಚಿಕೆಯ ವಿಷಯ, ಜೊತೆಗೆ ಅಬಕಾರಿ ಆದಾಯ. ಎರಡು ದೇಶಗಳ ದಾರಿ ಬೇರೆಯಾದದ್ದು ಅಲ್ಲಿಂದ.

ಮಲ್ಯ 1951ರಲ್ಲಿ ಮೆಕ್‌ಡೊವೆಲ್ ಕಂಪನಿಯನ್ನು ಕೊಂಡರು. 1826ರಿಂದ ಮದ್ರಾಸಿನಲ್ಲಿ ವಿದೇಶಿ ಮದ್ಯ ತರಿಸಿ ಮಾರುತ್ತಿದ್ದ ಸಂಸ್ಥೆ ಅದು. ಆಮದು ಬಿಗಿಯಾದಾಗ ಇಲ್ಲೇ ತಯಾರಿಸದೆ ಬೇರೆ ದಾರಿ ಇರಲಿಲ್ಲ. 1959ರಲ್ಲಿ ಕೇರಳದ ಚೇರ್ತಲದಲ್ಲಿ ಡಿಸ್ಟಿಲರಿ ಶುರುವಾಯಿತು.

ಪ್ರತಿ ರಾಜ್ಯಕ್ಕೂ ಒಂದೊಂದು ಅಬಕಾರಿ ಕಾನೂನು. ಇವತ್ತಿಗೂ ಎಚ್.ಡಿ. ಕೋಟೆ ದಾಟಿ ಬಾವಲಿ ಮೂಲಕ ಕೇರಳಕ್ಕೆ ಮದ್ಯ ಸಾಗಿಸಿದರೆ, ನಮ್ಮ ಅಬಕಾರಿ ಕಾಯ್ದೆಯ ಭಾಷೇಲಿ ಅದೂ ರಫ್ತೇ! ಹೀಗಾಗಿ ರಾಜ್ಯಕ್ಕೊಂದು ಕಾರ್ಖಾನೆ ಇದ್ದವನೇ ಗೆದ್ದ. ಮಲ್ಯ ಇದನ್ನು ಚೆನ್ನಾಗಿ ಅರಿತಿದ್ದರು. ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿ ಪಾನನಿಷೇಧದ ಮಾತು ಜೋರಾದಾಗ ಉಳಿದವರು ಹೆದರಿ ಮಾರಿದರು, ಇವರು ಅಗ್ಗಕ್ಕೆ ಕೊಂಡರು. ಪತ್ರಿಕೆಗಳಿಂದ ದೂರ, ಆಡಂಬರವಿಲ್ಲದ ಮನುಷ್ಯ. 1983ರ ಅಕ್ಟೋಬರ್ 13ರಂದು ತೀರಿಕೊಂಡಾಗ ದೇಶದ ಮದ್ಯೋದ್ಯಮದ ದೊಡ್ಡ ಪಾಲು ಅವರ ಕೈಲಿತ್ತು. 27 ವರ್ಷದ ಮಗ ವಿಜಯ್ ಮಲ್ಯ ಗಾದಿಗೆ ಬಂದರು.

ಆದರೆ ಆ ಸಾಮ್ರಾಜ್ಯ ನಿಂತಿದ್ದು ದೇಶದೊಳಗಿನ ಗಿರಾಕಿ ಮೇಲೆ. ಅದಕ್ಕೊಂದು ಕಾರಣ ನಮ್ಮ ಕಬ್ಬಿನ ಗದ್ದೇಲೂ ಇದೆ. ಭಾರತದ ಬಹುಪಾಲು ಅಗ್ಗದ ವಿಸ್ಕಿಗೆ ಮೂಲ, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿ. ಬ್ರಿಟನ್ ಮತ್ತು ಯುರೋಪಿನ ಕಾನೂನಿನಲ್ಲಿ ವಿಸ್ಕಿ ಅಂದ್ರೆ ಧಾನ್ಯದ್ದೇ ಆಗಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಕಾಕಂಬಿಯದು ಅಲ್ಲಿ ಆ ಹೆಸರಿಟ್ಟುಕೊಂಡು ಮಾರಾಟವಾಗೋ ಹಾಗಿಲ್ಲ. ಆ ಗೋಡೆ ದಾಟಿದ್ದು ಬೆಂಗಳೂರಿನ ಅಮೃತ್. ಬಾರ್ಲಿಯಿಂದ ಮಾಡಿದ ಸಿಂಗಲ್ ಮಾಲ್ಟನ್ನು ಅದು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು.

ಈಗಿನ ಲೆಕ್ಕ ನೋಡಿ. 2024ರಲ್ಲಿ ಸ್ಕಾಚ್ ರಫ್ತು 540 ಕೋಟಿ ಪೌಂಡ್, ಅಂದ್ರೆ 55 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಸೀಸೆಗಳ ಲೆಕ್ಕದಲ್ಲಿ ಅದರ ಅತಿ ದೊಡ್ಡ ಗಿರಾಕಿ ಭಾರತವೇ: ಸುಮಾರು 19 ಕೋಟಿ ಸೀಸೆ. ಇಡೀ ಭಾರತದ ಮದ್ಯ ರಫ್ತು 2023-24ರಲ್ಲಿ ಸುಮಾರು 2,200 ಕೋಟಿ ರೂಪಾಯಿ. ಕರ್ನಾಟಕ ಸರ್ಕಾರವೊಂದೇ 2025-26ಕ್ಕೆ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ!

ಮಲ್ಯ ಕೊಂಡಿದ್ದ ಮೆಕ್‌ಡೊವೆಲ್ ಈಗ ಲಂಡನ್ನಿನ ಡಿಯಾಜಿಯೊ ಹಿಡಿತದಲ್ಲಿದೆ, ಯುನೈಟೆಡ್ ಬ್ರೂವರೀಸ್ ಹಾಲೆಂಡಿನ ಹೈನೆಕೆನ್ ಕೈಲಿದೆ. 2025ರ ಜುಲೈನಲ್ಲಿ ಸಹಿ ಬಿದ್ದ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ ಸುಂಕ ಶೇ. 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು.

ಸ್ಕಾಚ್ ಎಷ್ಟು ಅಗ್ಗವಾಗುತ್ತೆ ಅನ್ನೋದೇ ಈಗ ಎಲ್ಲೆಡೆ ಚರ್ಚೆ. ಆದರೆ ಬ್ರಿಟನ್ ಸ್ಕಾಚನ್ನು ಹೊರಗಿನವರಿಗೆ ಮಾರಿ ದುಡ್ಡು ಎತ್ತಿಕೊಂಡಿತು; ನಮ್ಮ ಸರ್ಕಾರಗಳು ನಮ್ಮ ಹಳ್ಳಿಗಳ ಕೂಲಿಯಿಂದಲೇ ಎತ್ತುತ್ತಿವೆ. ಊರಿಗೆ ಬಾರ್ ಬೇಡ ಅಂತ ಅರ್ಜಿ ಹಿಡಿದು ನಿಲ್ಲುವ ಹೆಣ್ಣುಮಕ್ಕಳಿಗೆ, ಆ 40,000 ಕೋಟಿ ಯಾರ ಮನೆಯಿಂದ ಬರುತ್ತೆ ಅನ್ನೋದು ಚೆನ್ನಾಗೇ ಗೊತ್ತಿದೆ. ಬಜೆಟ್ ಮಂಡಿಸುವವರು ಉತ್ತರ ಕೊಡಬೇಕಾದ್ದು ಅವರಿಗೆ.