ಆನ್ ಫ್ರಾಂಕಳ ಹುಟ್ಟುಹಬ್ಬಗಳು

1934ರ ಫೆಬ್ರವರಿಯಲ್ಲಿ ಹಾಲೆಂಡ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದ ಮನೆಯೊಂದರಲ್ಲಿ ಮಾರ್ಗೊ ಎಂಬ ಬಾಲಕಿಯ ಎಂಟನೆಯ ಹುಟ್ಟುಹಬ್ಬ. ಉಡುಗೊರೆಗಳ ಮೇಜಿನ ಮೇಲೆ ಅಂದು ಆಕೆಯ ನಾಲ್ಕು ವರ್ಷದ ತಂಗಿಯನ್ನೇ ಕುಳ್ಳಿರಿಸಿದ್ದರು. ಜರ್ಮನಿಯಿಂದ ಆಗತಾನೆ ಬಂದಿದ್ದ ಆ ತಂಗಿಯೇ ಆನ್ ಫ್ರಾಂಕ್.

ಆನ್ ಹುಟ್ಟಿದ್ದು 1929ರ ಜೂನ್ 12ರಂದು, ಫ್ರಾಂಕ್‌ಫರ್ಟ್ ನಗರದಲ್ಲಿ. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ ಯೆಹೂದಿಯರ ಬಾಳು ದುರ್ಭರವಾಯಿತು. ತಂದೆ ಆಟೊ ಫ್ರಾಂಕ್ ಸಂಸಾರವನ್ನು ಹಾಲೆಂಡಿಗೆ ಕರೆತಂದರು. ಡಚ್ ನುಡಿ ಮಕ್ಕಳಿಗೆ ಬೇಗ ಒಲಿಯಿತು. ತಂದೆಯ ಬರವಣಿಗೆಗೆ ಮಾತ್ರ ಜರ್ಮನ್ನೇ ಆಗಬೇಕಿತ್ತು.

ಡಚ್ಚರಲ್ಲಿ ಹುಟ್ಟುಹಬ್ಬವೆಂದರೆ ಮನೆಮಂದಿಗೆಲ್ಲ ಸೇರಿದ್ದು. ಬಂದವರು ತಂದೆತಾಯಿಗೂ ಒಡಹುಟ್ಟಿದವರಿಗೂ ಶುಭಾಶಯ ಹೇಳುತ್ತಾರೆ. ಸಿಹಿ ಹಂಚುವ ಹೊಣೆ ಹುಟ್ಟುಹಬ್ಬದವರದೇ. ನಮ್ಮ ಶಾಲೆಯ ಮಕ್ಕಳಿಗೂ ಈ ಪದ್ಧತಿ ಹೊಸದಲ್ಲ.

1942ರಲ್ಲಿ ಆನ್‌ಳಿಗೆ ಹದಿಮೂರು ತುಂಬಿತು. ಅಷ್ಟರಲ್ಲಿ ಜರ್ಮನ್ ಸೇನೆ ಹಾಲೆಂಡನ್ನೂ ಆಕ್ರಮಿಸಿತ್ತು. ಯೆಹೂದಿ ಮಕ್ಕಳಿಗೆ ಪ್ರತ್ಯೇಕ ಶಾಲೆ, ಉಡುಪಿನ ಮೇಲೆ ಹಳದಿ ನಕ್ಷತ್ರ. ಆದರೂ ಆನ್ ಅಂದು ತರಗತಿಯಲ್ಲಿ ಬಿಸ್ಕತ್ತು ಹಂಚಿದಳು. ಆಟವನ್ನು ಆರಿಸುವ ಹಕ್ಕು ಆ ದಿನ ಅವಳದಾಗಿತ್ತು. ತನ್ನ ಕೀಲುಗಳು ಸುಲಭವಾಗಿ ತಪ್ಪುತ್ತಿದ್ದುದರಿಂದ ತಾನು ಆಡುವಂತಿರಲಿಲ್ಲ; ಗೆಳತಿಯರಿಗಾಗಿ ವಾಲಿಬಾಲ್ ಆರಿಸಿದಳು. ಬಳಿಕ ಅವರೆಲ್ಲ ಅವಳನ್ನು ಸುತ್ತುವರಿದು ಕುಣಿದು ಹಾಡಿದರು. ಯೆಹೂದಿಯರಿಗೆ ಚಿತ್ರಮಂದಿರದ ಬಾಗಿಲು ಮುಚ್ಚಿದ್ದರಿಂದ ಭಾನುವಾರ ಮನೆಯಲ್ಲಿಯೇ ಚಲನಚಿತ್ರ ತೋರಿಸಲಾಯಿತು. ಉಡುಗೊರೆಗಳ ನಡುವೆ ಕೆಂಪು ಚೌಕುಳಿ ಹೊದಿಕೆಯ ಒಂದು ಪುಸ್ತಕವಿತ್ತು. ಅದೇ ಅವಳ ದಿನಚರಿಯಾಯಿತು.

ತಿಂಗಳು ತುಂಬುವ ಮುನ್ನವೇ, ಜುಲೈ 6ರಂದು, ಸಂಸಾರವು ತಂದೆಯ ಕಚೇರಿಯ ಹಿಂಭಾಗದಲ್ಲಿ ಅಡಗಿತು. ಅಲ್ಲಿ ಒಟ್ಟು ಎಂಟು ಮಂದಿ. ಹಗಲಿನಲ್ಲಿ ಗಟ್ಟಿಯಾಗಿ ನಡೆಯುವಂತೆಯೂ ಇರಲಿಲ್ಲ. ಹದಿನಾಲ್ಕನೆಯ ಹುಟ್ಟುಹಬ್ಬಕ್ಕೆ ಹಂಚಲು ತರಗತಿಯೆಲ್ಲಿ? ತಂದೆ ಮಗಳಿಗಾಗಿ ಜರ್ಮನ್ನಿನಲ್ಲಿ ಪದ್ಯ ಕಟ್ಟಿದರು. ಮಾರ್ಗೊ ಅದನ್ನು ಡಚ್ಚಿಗೆ ತಿರುಗಿಸಿದಳು. ತೊರೆದು ಬಂದ ನಾಡಿನ ನುಡಿ, ಆಶ್ರಯವಿತ್ತ ನಾಡಿನ ನುಡಿ ಎರಡೂ ಆ ಒಂದು ಪದ್ಯದಲ್ಲಿ ಕೂಡಿದವು. ಜೊತೆಗಿದ್ದವರು ತಮ್ಮಲ್ಲಿ ಉಳಿದಿದ್ದ ಮಿಠಾಯಿಯನ್ನೇ ತೆಗೆದುಕೊಟ್ಟರು. ಯುದ್ಧಕಾಲದಲ್ಲಿ ಅದೇನು ಅಲ್ಪವೆ! ಹದಿನೈದನೆಯದಕ್ಕೆ ಪುಸ್ತಕಗಳು, ಮೊಸರು, ಜಾಮ್, ಹೂಗೊಂಚಲು ದೊರೆತವು.

1944ರ ಆಗಸ್ಟ್ 4ರಂದು ಎಂಟು ಮಂದಿಯೂ ಸೆರೆಯಾದರು. ಹದಿನಾರು ತುಂಬುವ ಮೊದಲೇ, 1945ರ ಆರಂಭದಲ್ಲಿ, ಆನ್ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ತೀರಿಕೊಂಡಳು. ಮಾರ್ಗೊ ಕೂಡ ಅಲ್ಲಿಯೇ ಅಳಿದಳು. ಎಂಟು ಮಂದಿಯಲ್ಲಿ ಬದುಕುಳಿದು ಮರಳಿದವರು ತಂದೆಯೊಬ್ಬರೇ. ಕಚೇರಿಯ ಉದ್ಯೋಗಿ ಮೀಪ್ ಗೀಸ್ ಜೋಪಾನ ಮಾಡಿದ್ದ ದಿನಚರಿಯನ್ನು ಅವರ ಕೈಗಿತ್ತಳು. 1947ರ ಜೂನ್ 25ರಂದು ಅದು ಡಚ್ ಭಾಷೆಯಲ್ಲಿ ಅಚ್ಚಾಗಿ ಹೊರಬಂದಿತು.