ಥಾಮಸ್ ವಿಗ್ಗಿನ್ಸ್ (ಬ್ಲೈಂಡ್ ಟಾಮ್)

ಥಾಮಸ್ ವಿಗ್ಗಿನ್ಸ್ (ಮೇ 25, 1849 – ಜೂನ್ 1908) ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಿಯಾನೋ ವಾದಕ ಹಾಗೂ ಸ್ವರಸಂಯೋಜಕ. ಹುಟ್ಟಿನಿಂದಲೇ ಅಂಧರಾಗಿದ್ದ ಇವರು ಬ್ಲೈಂಡ್ ಟಾಮ್ ಎಂಬ ಹೆಸರಿನಿಂದ ಅಮೆರಿಕ ಮತ್ತು ಯುರೋಪಿನಲ್ಲಿ ಪ್ರಸಿದ್ಧರಾದರು. ಗುಲಾಮ ದಂಪತಿಗಳ ಮಗನಾಗಿ ಜನಿಸಿದ ಇವರು ಸುಮಾರು ಅರ್ಧ ಶತಮಾನ ಕಾಲ ಕಛೇರಿಗಳನ್ನು ನೀಡಿದರೂ, ಆ ಸಂಪಾದನೆಯ ಮೇಲಾಗಲಿ ತಮ್ಮ ಬದುಕಿನ ಮೇಲಾಗಲಿ ಇವರಿಗೆ ಹಕ್ಕು ದೊರೆಯಲಿಲ್ಲ. ಒಮ್ಮೆ ಕೇಳಿದ ಸಂಗೀತವನ್ನೂ ಭಾಷಣವನ್ನೂ ಅದೇ ಏರಿಳಿತ, ಅದೇ ಲಯದೊಡನೆ ಮರಳಿ ನೀಡಬಲ್ಲವರಾಗಿದ್ದ ಇವರಿಗೆ, ತಮ್ಮ ಸ್ವಂತ ಅಗತ್ಯಗಳನ್ನು ಮಾತಿನಲ್ಲಿ ತಿಳಿಸುವುದು ಕಷ್ಟವಾಗಿತ್ತು. ಇಂದಿನ ಅನೇಕ ಬರಹಗಾರರು ಮತ್ತು ವೈದ್ಯರು ಇವರನ್ನು ಆಟಿಸಂ ಹೊಂದಿದ್ದ ವ್ಯಕ್ತಿಯೆಂದು ಭಾವಿಸುತ್ತಾರೆ.

ಜನನ ಮತ್ತು ಬಾಲ್ಯ

ಟಾಮ್ ಜನಿಸಿದ್ದು ಜಾರ್ಜಿಯಾ ರಾಜ್ಯದ ಹ್ಯಾರಿಸ್ ಕೌಂಟಿಯಲ್ಲಿ, ವೈಲಿ ಜೋನ್ಸ್ ಎಂಬಾತನ ತೋಟದಲ್ಲಿ. ತಾಯಿ ಚಾರಿಟಿ, ತಂದೆ ಮಿಂಗೋ. 1850ರಲ್ಲಿ ಈ ಕುಟುಂಬವನ್ನು ಕೊಲಂಬಸ್ ಪಟ್ಟಣದ ವಕೀಲನೂ ಪತ್ರಿಕಾ ಸಂಪಾದಕನೂ ಆದ ಜೇಮ್ಸ್ ನೀಲ್ ಬೆಥೂನ್ ಕೊಂಡುಕೊಂಡನು. ಕಣ್ಣಿಲ್ಲದ ಕೂಸು ಕೆಲಸಕ್ಕೆ ಬಾರದೆಂಬ ಕಾರಣದಿಂದ ಆ ವ್ಯವಹಾರದಲ್ಲಿ ಅದಕ್ಕೆ ಬೆಲೆಯನ್ನೇ ಕಟ್ಟಲಿಲ್ಲವೆಂದು ಜೀವನಚರಿತ್ರೆಗಳು ಹೇಳುತ್ತವೆ. ಮುಂದೆ ಬೆಥೂನ್ ಮನೆತನಕ್ಕೆ ಹಣದ ಹೊಳೆಯನ್ನೇ ಹರಿಸಿದ್ದು ಇದೇ ಕೂಸು.

ಹೊಲದ ಕೆಲಸಕ್ಕೆ ಹಚ್ಚಲಾಗದ ಬಾಲಕನನ್ನು ಯಜಮಾನನ ಮನೆಯಲ್ಲಿ ಅವನ ಪಾಡಿಗೆ ಬಿಡಲಾಗಿತ್ತು. ಕೋಳಿಯ ಕೂಗು, ಹಕ್ಕಿಯ ಉಲಿ, ಮಾಡಿನ ಮೇಲೆ ಬೀಳುವ ಮಳೆ, ಹೀಗೆ ಕಿವಿಗೆ ಬಿದ್ದುದನ್ನೆಲ್ಲ ಅವನು ಅನುಕರಿಸುತ್ತಿದ್ದನು. ಬೆಥೂನನ ಹೆಣ್ಣುಮಕ್ಕಳು ಪಿಯಾನೋ ಅಭ್ಯಾಸ ಮಾಡುವಾಗ ಕೇಳಿಸಿಕೊಳ್ಳುತ್ತಿದ್ದ ಅವನು, ನಾಲ್ಕನೆಯ ವಯಸ್ಸಿನ ಹೊತ್ತಿಗೆ ತಾನೇ ಆ ವಾದ್ಯವನ್ನು ನುಡಿಸತೊಡಗಿದನು. ಐದನೆಯ ವಯಸ್ಸಿನಲ್ಲಿ, ಮಳೆಯ ಸದ್ದನ್ನು ಆಧರಿಸಿದ 'ದಿ ರೇನ್ ಸ್ಟಾರ್ಮ್' ಎಂಬ ಕೃತಿಯನ್ನು ರಚಿಸಿದನೆಂದು ಪ್ರತೀತಿ.

ಮಾತಿನ ವಿಷಯದಲ್ಲಿ ಬಾಲಕನ ಸ್ಥಿತಿ ನೋಡುವವರಿಗೆ ಒಗಟಾಗಿತ್ತು. ಹತ್ತು ನಿಮಿಷಗಳವರೆಗೆ ನಡೆದ ಸಂಭಾಷಣೆಯನ್ನು, ಯಾರು ಯಾವ ಧ್ವನಿಯಲ್ಲಿ ಏನು ಹೇಳಿದರೆಂಬುದು ಸಹಿತವಾಗಿ, ಅವನು ಒಪ್ಪಿಸಬಲ್ಲವನಾಗಿದ್ದನು. ಆದರೆ ಹಸಿವೆ, ನೋವು ಇತ್ಯಾದಿಗಳನ್ನು ತಿಳಿಸಲು ಸನ್ನೆ ಮತ್ತು ಹೂಂಕಾರಗಳನ್ನೇ ಅವಲಂಬಿಸಿದ್ದನು. ತನ್ನನ್ನು ಕುರಿತು ಹೇಳುವಾಗ ನಾನು ಎನ್ನದೆ ಟಾಮ್ ಎನ್ನುತ್ತಿದ್ದ ಅಭ್ಯಾಸ ಕೊನೆಯವರೆಗೂ ಉಳಿಯಿತು.

ವೇದಿಕೆಯ ಬದುಕು

ಎಂಟು–ಒಂಬತ್ತು ವರ್ಷದ ಬಾಲಕನನ್ನು ಬೆಥೂನ್, ಪೆರಿ ಆಲಿವರ್ ಎಂಬ ಪ್ರದರ್ಶನ ವ್ಯವಸ್ಥಾಪಕನಿಗೆ ಬಾಡಿಗೆಗೆ ನೀಡಿದನು. ದಿನಕ್ಕೆ ನಾಲ್ಕು ಪ್ರದರ್ಶನಗಳವರೆಗೂ ನಡೆದದ್ದುಂಟು. 1860ರಲ್ಲಿ ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಅಧ್ಯಕ್ಷ ಜೇಮ್ಸ್ ಬ್ಯುಕ್ಯಾನನ್ ಅವರ ಸಮ್ಮುಖದಲ್ಲಿ ಟಾಮ್ ನುಡಿಸಿದನು. ಆಹ್ವಾನದ ಮೇರೆಗೆ ಶ್ವೇತಭವನದಲ್ಲಿ ಕಛೇರಿ ನೀಡಿದ ಮೊದಲ ಆಫ್ರಿಕನ್ ಅಮೆರಿಕನ್ ಕಲಾವಿದನೆಂದು ಅವನನ್ನು ಗುರುತಿಸಲಾಗಿದೆ. ಆಗ ಅವನ ವಯಸ್ಸು ಹತ್ತೋ ಹನ್ನೊಂದೋ. ಕಾನೂನಿನ ಪ್ರಕಾರ ಅವನು ಇನ್ನೂ ಮತ್ತೊಬ್ಬನ ಸೊತ್ತು. ಅದೇ ವರ್ಷ ಅವನ 'ಆಲಿವರ್ ಗ್ಯಾಲಪ್' ಮತ್ತು 'ವರ್ಜೀನಿಯಾ ಪೋಲ್ಕಾ' ಅಚ್ಚಾದವು.

ಕಛೇರಿಯ ಸ್ವರೂಪ ಬಹುಮಟ್ಟಿಗೆ ಸ್ಥಿರವಾಗಿತ್ತು. ಬಾಖ್, ಬೀಥೋವನ್, ಶೋಪೇನರ ಕೃತಿಗಳ ನಂತರ ಅನುಕರಣೆಯ ಭಾಗ ಬರುತ್ತಿತ್ತು: ಬ್ಯಾಗ್‌ಪೈಪ್, ಸಂಗೀತ ಪೆಟ್ಟಿಗೆ, ಚರ್ಚಿನ ಆರ್ಗನ್. ಒಂದು ಕೈಯಲ್ಲಿ ಒಂದು ಹಾಡು, ಇನ್ನೊಂದು ಕೈಯಲ್ಲಿ ಬೇರೆ ಶ್ರುತಿಯ ಮತ್ತೊಂದು ಹಾಡು ನುಡಿಸುತ್ತ, ಬಾಯಲ್ಲಿ ಮೂರನೆಯದನ್ನು ಹಾಡುವುದು ಟಾಮ್ ಅವರ ಪ್ರಸಿದ್ಧ ಪ್ರಯೋಗವಾಗಿತ್ತು. ಪಿಯಾನೋಗೆ ಬೆನ್ನು ಹಾಕಿ ನಿಂತು, ಕೈಗಳನ್ನು ಹಿಂದಕ್ಕೆ ಚಾಚಿ ನುಡಿಸುವುದೂ ಇತ್ತು. ಸಭಿಕರಲ್ಲಿ ಯಾರಾದರೂ ಸಂಗೀತಗಾರರು ವೇದಿಕೆಗೆ ಬಂದು ಹೊಸ ಕೃತಿಯನ್ನು ನುಡಿಸಿದರೆ, ಟಾಮ್ ಅದನ್ನು ಕೇಳಿದೊಡನೆ ಮರಳಿ ನುಡಿಸಬೇಕು. ಎದುರಿಗಿನವರು ಮೇಲಿನ ಸ್ವರಭಾಗವನ್ನು ಮಾತ್ರ ನುಡಿಸುತ್ತಿರುವಾಗ, ಹಿಂದೆಂದೂ ಕೇಳದ ಆ ಕೃತಿಗೆ ಕೆಳಗಿನ ಸ್ವರಭಾಗವನ್ನು ಸ್ಥಳದಲ್ಲೇ ಕಟ್ಟಿಕೊಡುವ ಪರೀಕ್ಷೆಯನ್ನೂ ಅವರು ಎದುರಿಸುತ್ತಿದ್ದರು. ಇದು ಕೇವಲ ಜ್ಞಾಪಕಶಕ್ತಿಯಿಂದ ಆಗುವ ಕೆಲಸವಲ್ಲ. ಸಂಗೀತದ ವ್ಯಾಕರಣ ಒಳಗೆ ಬೇರೂರಿದ್ದವರಿಗೆ ಮಾತ್ರ ಸಾಧ್ಯ. ಹಾಗಿದ್ದೂ ಜಾಹೀರಾತುಗಳು ಅವರನ್ನು ಬುದ್ಧಿಯಿಲ್ಲದ ಪವಾಡವೆಂದೇ ಸಾರಿದವು. ಬುದ್ಧಿವಂತ ಕಲಾವಿದನಿಗಿಂತ ಪವಾಡಕ್ಕೆ ಟಿಕೆಟ್ಟುಗಳು ಹೆಚ್ಚು ಮಾರಾಟವಾಗುತ್ತಿದ್ದವು.

ಮಾತಿನ ಲಯ ಮತ್ತು ಅನುಕರಣೆ

ಟಾಮ್ ಅವರ ಕಾರ್ಯಕ್ರಮಗಳಲ್ಲಿ ಸಂಗೀತದಷ್ಟೇ ಮಾತಿಗೂ ಸ್ಥಾನವಿತ್ತು. 1860ರ ಚುನಾವಣೆಯ ಅಭ್ಯರ್ಥಿ ಸ್ಟೀಫನ್ ಡಗ್ಲಾಸ್ ಅವರ ಪ್ರಚಾರ ಭಾಷಣವನ್ನು ಕೇಳಿದ್ದ ಅವರು, ಮುಂದೆ ಅದನ್ನು ವಕ್ತಾರನ ಧಾಟಿಯಲ್ಲೇ ಒಪ್ಪಿಸುತ್ತಿದ್ದರು. ವಕ್ತಾರನ ಮಾತುಗಳ ನಡುವೆ ಗುಂಪಿನ ಕೂಗು, ಚಪ್ಪಾಳೆ, ಅಡ್ಡಮಾತುಗಳೂ ಬರುತ್ತಿದ್ದವು. ಅವರಿಗೆ ಭಾಷಣವೆಂದರೆ ಪದಗಳ ಸಾಲಲ್ಲ, ಆ ಸಭೆಯ ಒಟ್ಟು ನಾದ. ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್ ಭಾಷೆಗಳ ಪಾಠಗಳನ್ನು ಅರ್ಥ ತಿಳಿಯದೆಯೇ ಸರಿಯಾದ ಉಚ್ಚಾರಣೆಯೊಂದಿಗೆ ಒಪ್ಪಿಸಬಲ್ಲವರಾಗಿದ್ದರು. ವೇದಿಕೆಯಲ್ಲಿ ತಮ್ಮ ಪರಿಚಯವನ್ನು ವ್ಯವಸ್ಥಾಪಕನ ಮಾತುಗಳಲ್ಲಿ, ಬೇರೊಬ್ಬನ ಕುರಿತು ಹೇಳುವಂತೆ ತಾವೇ ಮಾಡಿಕೊಳ್ಳುತ್ತಿದ್ದರು. ನುಡಿಸಿ ಮುಗಿಸಿದ ಮೇಲೆ ಸಭಿಕರೊಂದಿಗೆ ತಾವೂ ಚಪ್ಪಾಳೆ ತಟ್ಟುತ್ತಿದ್ದರು. ಸಭಿಕರು ನಗುತ್ತಿದ್ದರು.

ಲೇಖಕ ಮಾರ್ಕ್ ಟ್ವೇನ್ 1869ರಲ್ಲಿ ರೈಲಿನಲ್ಲಿ ಇವರನ್ನು ಕಂಡರು. ಗಂಟೆಗಟ್ಟಲೆ ಮೈ ತೂಗುತ್ತ, ಚಕ್ರಗಳ ಸದ್ದು, ಸಿಳ್ಳೆ ಮೊದಲಾಗಿ ರೈಲಿನ ಎಲ್ಲ ಶಬ್ದಗಳನ್ನೂ ಬಾಯಿಂದ ಹೊರಡಿಸುತ್ತಿದ್ದ ಈ ಪ್ರಯಾಣಿಕನನ್ನು ಅವರು ಮೊದಲು ವಿಚಿತ್ರ ವ್ಯಕ್ತಿಯೆಂದು ಬಗೆದರು. ಆಮೇಲೆ ಮೂರು ರಾತ್ರಿ ಒಂದೇ ಸಮನೆ ಕಛೇರಿಗೆ ಹೋಗಿ ಬೆರಗಾಗಿ ಬರೆದರು. ಅದಕ್ಕೂ ಮೊದಲೇ, 1862ರಲ್ಲಿ, ಲೇಖಕಿ ರೆಬೆಕಾ ಹಾರ್ಡಿಂಗ್ ಡೇವಿಸ್ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಇವರ ಕುರಿತು ವಿವರವಾಗಿ ಬರೆದಿದ್ದರು. ಆ ಲೇಖನದಲ್ಲಿ ಕನಿಕರವೂ ಆ ಕಾಲದ ಜನಾಂಗೀಯ ಪೂರ್ವಗ್ರಹವೂ ಒಟ್ಟಿಗೇ ಇವೆ.

'ಬ್ಯಾಟಲ್ ಆಫ್ ಮನಾಸಸ್'

ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕದನ 1861ರ ಜುಲೈನಲ್ಲಿ ಮನಾಸಸ್‌ನಲ್ಲಿ ನಡೆಯಿತು. ಅದರ ವರ್ಣನೆಗಳನ್ನು ಕೇಳಿದ ಟಾಮ್ ರಚಿಸಿದ ಈ ಕೃತಿ ಅವರ ಅತ್ಯಂತ ಪ್ರಸಿದ್ಧ ರಚನೆ, 1866ರಲ್ಲಿ ಅಚ್ಚಾಯಿತು. ಎರಡೂ ಪಕ್ಷಗಳ ಸೇನಾಗೀತೆಗಳು ಒಂದರೊಳಗೊಂದು ನುಗ್ಗುತ್ತವೆ. ಫಿರಂಗಿಯ ಸಿಡಿತಕ್ಕಾಗಿ ಅಂಗೈಯಿಂದ ಪಿಯಾನೋದ ಕೆಳಗಿನ ಮನೆಗಳನ್ನು ಒಟ್ಟಿಗೆ ಒತ್ತಬೇಕು. ಸೈನಿಕರನ್ನು ತರುವ ರೈಲಿನ ಸದ್ದನ್ನೂ ಸಿಳ್ಳೆಯನ್ನೂ ವಾದಕನೇ ಬಾಯಿಂದ ಹೊರಡಿಸಬೇಕು. ಅಕ್ಕಪಕ್ಕದ ಸ್ವರಗಳನ್ನು ಗೊಂಚಲಾಗಿ ನುಡಿಸುವ ಈ ಕ್ರಮ ಇಪ್ಪತ್ತನೆಯ ಶತಮಾನದ ಸಂಗೀತದಲ್ಲಿ ಹೊಸತೆಂದು ಮೆಚ್ಚುಗೆ ಪಡೆಯಿತು. ಟಾಮ್ ಅದನ್ನು ಅದಕ್ಕಿಂತ ಅರ್ಧ ಶತಮಾನ ಮೊದಲೇ ಮಾಡಿದ್ದರು.

ಕದನದಲ್ಲಿ ಗೆದ್ದದ್ದು ಗುಲಾಮಗಿರಿಯನ್ನು ಉಳಿಸಲು ಹೋರಾಡುತ್ತಿದ್ದ ದಕ್ಷಿಣದ ಪಕ್ಷ. ಯುದ್ಧಕಾಲದಲ್ಲಿ ಆ ಪಕ್ಷಕ್ಕಾಗಿ ನಿಧಿ ಸಂಗ್ರಹಿಸುವ ಕಛೇರಿಗಳಲ್ಲಿಯೂ ಟಾಮ್ ಅವರನ್ನು ನುಡಿಸುವಂತೆ ಮಾಡಲಾಯಿತು. ಈ ಕಾರಣದಿಂದ ಕೆಲವು ಕಪ್ಪುಜನಾಂಗದ ಪತ್ರಿಕೆಗಳು ಇವರ ಬಗ್ಗೆ ಬಹುಕಾಲ ಮೌನವಾಗಿದ್ದವು.

ಯುರೋಪ್ ಪ್ರವಾಸ

1866ರಲ್ಲಿ ಯುರೋಪಿಗೆ ಕರೆದೊಯ್ದಾಗ ಹಿರಿಯ ಪಿಯಾನೋ ವಾದಕ ಇಗ್ನಾಜ್ ಮೊಶೆಲೆಸ್ ಹಾಗೂ ಮ್ಯಾಂಚೆಸ್ಟರ್‌ನ ಚಾರ್ಲ್ಸ್ ಹಾಲೆ ಇವರನ್ನು ಪರೀಕ್ಷಿಸಿ ಪ್ರಶಂಸಾಪತ್ರ ನೀಡಿದರು. ಪಿಯಾನೋದ ಮೇಲೆ ಹಲವು ಮನೆಗಳನ್ನು ಒಟ್ಟಿಗೆ ಒತ್ತಿದರೂ ಟಾಮ್ ಪ್ರತಿಯೊಂದು ಸ್ವರದ ಹೆಸರನ್ನೂ ತಪ್ಪಿಲ್ಲದೆ ಹೇಳುತ್ತಿದ್ದರು. ಆಧಾರ ಶ್ರುತಿಯ ನೆರವಿಲ್ಲದೆ ಸ್ವರವನ್ನು ಗುರುತಿಸುವ ಈ ಶಕ್ತಿ ಸಾಮಾನ್ಯ ಜನರಲ್ಲಿ ವಿರಳ. ಆಟಿಸಂ ಇರುವವರಲ್ಲಿ ಹೋಲಿಕೆಯಿಂದ ಹೆಚ್ಚಾಗಿ ಕಂಡುಬರುತ್ತದೆ.

ನ್ಯಾಯಾಲಯದ ವ್ಯಾಜ್ಯಗಳು

1865ರಲ್ಲಿ ಗುಲಾಮಗಿರಿ ರದ್ದಾಯಿತು. ಆ ವೇಳೆಗಾಗಲೇ ಬೆಥೂನ್, ಟಾಮ್ ಅವರ ತಂದೆತಾಯಿಗಳೊಂದಿಗೆ ಒಪ್ಪಂದ ಮಾಡಿಕೊಂಡು ಮಗನನ್ನು ತನ್ನ ಸುಪರ್ದಿನಲ್ಲೇ ಉಳಿಸಿಕೊಂಡಿದ್ದನು. ಅದೇ ವರ್ಷ ಟ್ಯಾಬ್ಸ್ ಗ್ರಾಸ್ ಎಂಬ ಕಪ್ಪುಜನಾಂಗದ ಪ್ರದರ್ಶನ ವ್ಯವಸ್ಥಾಪಕರು ಟಾಮ್ ಅವರನ್ನು ತಮಗೆ ಒಪ್ಪಿಸಬೇಕೆಂದು ದಾವೆ ಹೂಡಿದರು. ಸಿನ್ಸಿನಾಟಿಯ ನ್ಯಾಯಾಲಯ ಬೆಥೂನನ ಪರವಾಗಿ ತೀರ್ಪು ನೀಡಿತು.

ಟಾಮ್ ವಯಸ್ಕರಾದಾಗ ಪಾಲಕತ್ವದ ಪ್ರಶ್ನೆ ಮತ್ತೆ ಎದ್ದಿತು. 1870ರಲ್ಲಿ ವರ್ಜೀನಿಯಾದ ನ್ಯಾಯಾಲಯದಲ್ಲಿ ಅವರನ್ನು ಬುದ್ಧಿಸ್ವಾಧೀನವಿಲ್ಲದವರೆಂದು ಘೋಷಿಸಿ, ಬೆಥೂನನ ಮಗ ಜಾನ್ ಬೆಥೂನನನ್ನು ಕಾನೂನುಬದ್ಧ ಪಾಲಕನನ್ನಾಗಿ ಮಾಡಲಾಯಿತು. ಗುಲಾಮಗಿರಿಯ ಹಕ್ಕುಪತ್ರ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಈ ಘೋಷಣೆ ಮಾಡಿತೆಂದರೆ ತಪ್ಪಾಗಲಾರದು. ತನ್ನ ಮಾತಿನಲ್ಲಿ ತನ್ನ ಇಷ್ಟವನ್ನು ಹೇಳಲಾರದವನಿಗೆ ಇಷ್ಟವೇ ಇಲ್ಲವೆಂದು ಕಾನೂನು ತೀರ್ಮಾನಿಸಿತ್ತು. ಜಾನ್ ಬೆಥೂನ್ ನ್ಯೂಯಾರ್ಕಿನಲ್ಲಿ ಇವರಿಗೆ ಜೋಸೆಫ್ ಪೊಜ್ನಾನ್ಸ್ಕಿ ಎಂಬ ಶಿಕ್ಷಕರನ್ನು ಗೊತ್ತುಮಾಡಿದ್ದನು. ಟಾಮ್ ಅವರ ಹಲವು ರಚನೆಗಳನ್ನು ಸ್ವರಲಿಪಿಗೆ ಇಳಿಸಿದವರು ಇವರೇ.

1884ರಲ್ಲಿ ಜಾನ್ ಬೆಥೂನ್ ರೈಲು ಅಪಘಾತದಲ್ಲಿ ಸತ್ತನು. ಅವನಿಂದ ದೂರವಾಗಿದ್ದ ಪತ್ನಿ ಎಲೈಜಾ, ಟಾಮ್ ಅವರ ತಾಯಿ ಚಾರಿಟಿಯನ್ನು ಮುಂದಿಟ್ಟುಕೊಂಡು ಮಾವನ ವಿರುದ್ಧ ಮೊಕದ್ದಮೆ ನಡೆಸಿದಳು. 1887ರಲ್ಲಿ ತೀರ್ಪು ಅವಳ ಪರವಾಗಿ ಬಂದಿತು. ಮಗ ತನಗೆ ಮರಳಿ ದೊರೆಯುವನೆಂದು ನಂಬಿದ್ದ ಚಾರಿಟಿ ಬರಿಗೈಯಲ್ಲಿ ಜಾರ್ಜಿಯಾಕ್ಕೆ ಹಿಂತಿರುಗಬೇಕಾಯಿತು. ಇಷ್ಟು ವ್ಯಾಜ್ಯಗಳು ನಡೆದರೂ ಪಾಲಕತ್ವ ಬಿಳಿಯರ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತೇ ಹೊರತು ತಾಯಿಗೆ ಬರಲಿಲ್ಲ. ಕೆಲವು ಲೇಖಕರು ಇವರನ್ನು ಅಮೆರಿಕದ ಕೊನೆಯ ಗುಲಾಮನೆಂದು ಕರೆದಿರುವುದು ಇದಕ್ಕಾಗಿ.

ಕೊನೆಯ ವರ್ಷಗಳು

1889ರ ಜಾನ್ಸ್‌ಟೌನ್ ಮಹಾಪೂರದಲ್ಲಿ ಟಾಮ್ ಸತ್ತರೆಂಬ ಗಾಳಿಸುದ್ದಿ ಹಬ್ಬಿ, ನಂತರ ಕಾಣಿಸಿಕೊಂಡವರು ನಕಲಿ ಟಾಮ್ ಎಂದು ನಂಬಿದವರೂ ಇದ್ದರು. 1904–05ರಲ್ಲಿ ಅವರು ವಾಡೆವಿಲ್ ರಂಗಮಂದಿರಗಳಲ್ಲಿ ಕೊನೆಯ ಸಾರ್ವಜನಿಕ ಕಾರ್ಯಕ್ರಮಗಳನ್ನು ನೀಡಿದರು. ಆಮೇಲೆ ನ್ಯೂಜೆರ್ಸಿಯ ಹೊಬೋಕೆನ್‌ನಲ್ಲಿ ಎಲೈಜಾಳ ಮನೆಯಲ್ಲಿ ಮರೆಯಲ್ಲಿದ್ದರು. ಪಾರ್ಶ್ವವಾಯುವಿನಿಂದ 1908ರ ಜೂನ್‌ನಲ್ಲಿ ನಿಧನರಾದರು. ಬ್ರೂಕ್ಲಿನ್ನಿನ ಎವರ್‌ಗ್ರೀನ್ಸ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ನಂತರದ ತಿಳುವಳಿಕೆ

ಟಾಮ್ ಬದುಕಿದ್ದಾಗಲೇ ವೈದ್ಯ ಎಡ್ವರ್ಡ್ ಸೆಗಾನ್ ತಮ್ಮ 1866ರ ಗ್ರಂಥದಲ್ಲಿ ಇವರನ್ನು ಬುದ್ಧಿಮಾಂದ್ಯದ ಉದಾಹರಣೆಯಾಗಿ ಉಲ್ಲೇಖಿಸಿದ್ದರು. ಆಟಿಸಂ ಎಂಬ ಹೆಸರಿನಲ್ಲಿ ಈ ಲಕ್ಷಣಗಳನ್ನು ಲಿಯೋ ಕ್ಯಾನರ್ ವಿವರಿಸಿದ್ದು 1943ರಲ್ಲಿ. ಅವರು ವರ್ಣಿಸಿದ ಹನ್ನೊಂದು ಮಕ್ಕಳಲ್ಲಿ ಹಲವರು ಕೇಳಿದ ಮಾತನ್ನೇ ಮರುನುಡಿಯುತ್ತಿದ್ದರು, ನಾನು–ನೀನು ಎಂಬುದನ್ನು ಅದಲುಬದಲು ಮಾಡುತ್ತಿದ್ದರು. ಒಂದು ಮಗು ಒಂದೂವರೆ ವರ್ಷಕ್ಕೇ ಹದಿನೆಂಟು ಸಿಂಫನಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿತ್ತೆಂದು ದಾಖಲಾಗಿದೆ. ಇವು ಟಾಮ್ ಅವರ ಚಿತ್ರಕ್ಕೆ ಬಹಳ ಹತ್ತಿರ. ನರವೈದ್ಯ ಆಲಿವರ್ ಸ್ಯಾಕ್ಸ್ 1995ರ ತಮ್ಮ 'ಆನ್ ಆಂಥ್ರೊಪಾಲಜಿಸ್ಟ್ ಆನ್ ಮಾರ್ಸ್' ಕೃತಿಯಲ್ಲಿ ಟಾಮ್ ಅವರನ್ನು ಆಟಿಸಂನ ದೃಷ್ಟಿಯಿಂದ ಚರ್ಚಿಸಿದ್ದಾರೆ. ಸತ್ತವರಿಗೆ ರೋಗನಿರ್ಣಯ ಮಾಡುವುದು ಊಹೆಯ ಕೆಲಸವೇ ಸರಿ. ಅಂಧ ಮಕ್ಕಳಲ್ಲಿಯೂ ಮರುನುಡಿಯುವಿಕೆ ಮತ್ತು ಮೈತೂಗುವಿಕೆ ಕಂಡುಬರುತ್ತವೆ ಎಂಬುದನ್ನು ಮರೆಯಬಾರದು.

ಮರುನುಡಿಯುವಿಕೆಯನ್ನು ಅರ್ಥಹೀನ ಪ್ರತಿಧ್ವನಿಯೆಂದು ಬಹುಕಾಲ ಪರಿಗಣಿಸಲಾಗಿತ್ತು. ಮಕ್ಕಳಿಂದ ಅದನ್ನು ಬಿಡಿಸುವುದೇ ಚಿಕಿತ್ಸೆಯ ಗುರಿಯಾಗಿತ್ತು. 1980ರ ದಶಕದಿಂದೀಚೆಗೆ ಬ್ಯಾರಿ ಪ್ರಿಜಂಟ್ ಮೊದಲಾದ ವಾಕ್ ತಜ್ಞರು, ಇಂತಹ ಮಾತು ಕೇಳುವುದಕ್ಕೆ, ಒಪ್ಪುವುದಕ್ಕೆ, ಸರದಿ ಕಾಯುವುದಕ್ಕೆ, ಮನಸ್ಸನ್ನು ಸಮಾಧಾನಪಡಿಸಿಕೊಳ್ಳುವುದಕ್ಕೆ ಬಳಕೆಯಾಗುತ್ತದೆಂದು ತೋರಿಸಿದರು. ಮಗು ಪದಗಳನ್ನು ಬಿಡಿಬಿಡಿಯಾಗಿ ಅಲ್ಲ, ಧಾಟಿಯೊಡನೆ ಇಡಿಯಾಗಿ ಹಿಡಿಯುತ್ತದೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಮಗ್ಗಿಯನ್ನು ರಾಗವಾಗಿ ಒಪ್ಪಿಸುವುದನ್ನು ಕೇಳಿದವರಿಗೆ, ಅರ್ಥಕ್ಕಿಂತ ಮೊದಲು ಧಾಟಿ ನೆಲೆಯೂರುವುದು ಹೊಸ ಸಂಗತಿಯಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಈ ಹಂತ ದೀರ್ಘವಾಗಿ, ಗಾಢವಾಗಿ ಇರಬಹುದು. ಈ ಬೆಳಕಿನಲ್ಲಿ ನೋಡಿದರೆ, ಬೇರೆಯವರ ಮಾತಿನಲ್ಲಿ ತಮ್ಮನ್ನು ಪರಿಚಯಿಸಿಕೊಳ್ಳುತ್ತಿದ್ದ ಟಾಮ್ ಸಭಿಕರನ್ನು ರಂಜಿಸುವ ಗಿಳಿಯಾಗಿರಲಿಲ್ಲ. ತಮಗೆ ದೊರೆತ ಒಂದೇ ಪರಿಚಯವಾಕ್ಯವನ್ನು ಅದರ ಸರಿಯಾದ ಸಂದರ್ಭದಲ್ಲೇ ಬಳಸುತ್ತಿದ್ದರು.

ಸ್ಮರಣೆ

ಇತಿಹಾಸಕಾರ್ತಿ ಜಿನೀವಾ ಸೌಥಾಲ್ 1979ರಿಂದ 1999ರವರೆಗೆ ಮೂರು ಸಂಪುಟಗಳಲ್ಲಿ ಇವರ ಬದುಕನ್ನು ದಾಖಲಿಸಿ, ಟಾಮ್ ಪವಾಡವಲ್ಲ, ಶೋಷಣೆಗೊಳಗಾದ ಸಂಗೀತಗಾರನೆಂಬ ವಾದವನ್ನು ಮುಂದಿಟ್ಟರು. ವಿಲಾ ಕ್ಯಾಥರ್ ಅವರ 1918ರ ಕಾದಂಬರಿ 'ಮೈ ಆಂಟೋನಿಯಾ'ದಲ್ಲಿ ಬರುವ ಅಂಧ ಪಿಯಾನೋ ವಾದಕನ ಪಾತ್ರಕ್ಕೆ ಇವರೂ ಒಂದು ಮಾದರಿ. ಟಾಮ್ ಅವರ ವಾದನದ ಧ್ವನಿಮುದ್ರಣ ಲಭ್ಯವಿಲ್ಲ. ಪಿಯಾನೋ ವಾದಕ ಜಾನ್ ಡೇವಿಸ್ ಇವರ ಕೃತಿಗಳನ್ನು ನುಡಿಸಿ 1999ರಲ್ಲಿ ಮುದ್ರಿಕೆಯೊಂದನ್ನು ಹೊರತಂದರು. ಹೊಲಿಗೆ ಯಂತ್ರದ ಸದ್ದನ್ನು ಪಿಯಾನೋಗೆ ಇಳಿಸಿದ 'ಸೂಯಿಂಗ್ ಸಾಂಗ್' ಇವರ ಉಳಿದುಬಂದ ರಚನೆಗಳಲ್ಲಿ ಒಂದು.