ಕುದುರೆಗೆ ಬರೆ ಹಾಕಬೇಡಿ ಎಂದ ಚಕ್ರವರ್ತಿ

ನಿಮ್ಮ ಜೇಬಿನಲ್ಲಿರುವ ಒಂದು ನಾಣ್ಯವನ್ನೋ ಆಧಾರ್ ಕಾರ್ಡನ್ನೋ ತೆಗೆದು ನೋಡಿ. ಅದರಲ್ಲಿ ನಾಲ್ಕು ಸಿಂಹಗಳ ರಾಷ್ಟ್ರಲಾಂಛನ ಇರುತ್ತದೆ. ಮುದ್ರಣ ಸ್ಪಷ್ಟವಾಗಿದ್ದರೆ ಸಿಂಹಗಳ ಪಾದದ ಕೆಳಗೆ, ಧಮ್ಮಚಕ್ರದ ಎರಡು ಪಕ್ಕದಲ್ಲಿ, ಎರಡು ಪ್ರಾಣಿಗಳು ಕಾಣುತ್ತವೆ. ಒಂದು ಗೂಳಿ, ಇನ್ನೊಂದು ಓಡುತ್ತಿರುವ ಕುದುರೆ. ಸಾರನಾಥದ ಸ್ತಂಭದಿಂದ ಬಂದ ಈ ಲಾಂಛನವನ್ನು 1950ರ ಜನವರಿ 26ರಂದು ದೇಶ ತನ್ನದಾಗಿ ಮಾಡಿಕೊಂಡಿತು. ಅಂದರೆ ಸರ್ಕಾರ ಹೊರಡಿಸುವ ಪ್ರತಿಯೊಂದು ಕಾನೂನಿನ ತಲೆಯ ಮೇಲೂ ಒಂದು ಕುದುರೆ ಇದೆ. ಅದನ್ನು ಅಲ್ಲಿ ಕೆತ್ತಿಸಿದ ಚಕ್ರವರ್ತಿ ಕುದುರೆಗಾಗಿ ಒಂದು ಆಜ್ಞೆಯನ್ನೂ ಹೊರಡಿಸಿದ್ದ. ಇಂದಿನ ಚಿಂತನೆ ಆ ಅಶೋಕನ ಬದುಕಿನ ಬಗ್ಗೆ.

ಅಶೋಕ ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಯುವರಾಜನಾಗಿದ್ದಾಗ ಉಜ್ಜಯಿನಿಯಲ್ಲಿ ಆಡಳಿತ ನಡೆಸಿದನೆಂದು ಬೌದ್ಧ ಪರಂಪರೆ ಹೇಳುತ್ತದೆ. ಕ್ರಿ.ಪೂ. 268ರ ಸುಮಾರಿಗೆ ಅವನಿಗೆ ಪಟ್ಟಾಭಿಷೇಕವಾಯಿತು. ತೊಂಬತ್ತೊಂಬತ್ತು ಮಂದಿ ಸಹೋದರರನ್ನು ಕೊಂದು ಪಟ್ಟಕ್ಕೆ ಬಂದನೆಂಬ ಕಥೆಯೂ ಇದೆ. ಆದರೆ ಅವನ ಶಾಸನವೊಂದರಲ್ಲೇ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳ ಪ್ರಸ್ತಾಪ ಬರುವುದರಿಂದ ಆ ಕಥೆಯನ್ನು ಹಾಗೆಯೇ ನಂಬಬೇಕಾಗಿಲ್ಲ.

ಪಟ್ಟಕ್ಕೆ ಬಂದಾಗ ಅವನ ಕೈಗೆ ಬಂದದ್ದು ದೊಡ್ಡ ಸೈನ್ಯ. ಪಾಟಲಿಪುತ್ರದ ರಾಜನ ಬಳಿ ಆರು ಲಕ್ಷ ಕಾಲಾಳು, ಮೂವತ್ತು ಸಾವಿರ ಕುದುರೆ, ಒಂಬತ್ತು ಸಾವಿರ ಆನೆಗಳಿದ್ದವೆಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಆದರೆ ಕುದುರೆ ಎಂದರೆ ಆ ಕಾಲಕ್ಕೆ ಯುದ್ಧದ ಯಂತ್ರವೇ ಆಗಿತ್ತು. ಈಟಿಗೆ ಸಿಕ್ಕಿ ಬಿದ್ದ ಸೈನಿಕನ ಹೆಸರಾದರೂ ಅವನ ಮನೆಯವರಿಗೆ ನೆನಪಿರುತ್ತದೆ. ಬಿದ್ದ ಕುದುರೆಯ ಲೆಕ್ಕ ಯಾರೂ ಇಡುತ್ತಿರಲಿಲ್ಲ.

ಪಟ್ಟಕ್ಕೆ ಬಂದು ಎಂಟು ವರ್ಷವಾದಾಗ ಕಳಿಂಗ ಯುದ್ಧವಾಯಿತು. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಹತರಾದರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಈ ಲೆಕ್ಕ ಕೊಟ್ಟವನು ಶತ್ರುವಲ್ಲ, ಗೆದ್ದ ಅಶೋಕನೇ. ಗೆದ್ದ ರಾಜರು ಕಲ್ಲಿನ ಮೇಲೆ ಪರಾಕ್ರಮ ಕೆತ್ತಿಸುವುದು ರೂಢಿ. ಅಶೋಕ ತನ್ನ ಪಶ್ಚಾತ್ತಾಪವನ್ನು ಕೆತ್ತಿಸಿದ.

ಆದರೆ ಮನಸ್ಸು ಒಂದೇ ದಿನದಲ್ಲಿ ಬದಲಾಗಲಿಲ್ಲ. ಇದನ್ನು ನಾವು ತಿಳಿಯುವುದು ನಮ್ಮ ಕರ್ನಾಟಕದ ಕಲ್ಲುಗಳಿಂದ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಹಾಕಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರದ್ಧೆಯಿಂದ ತೊಡಗಿದೆ ಎಂಬುದು ಅಲ್ಲಿರುವ ಅವನ ಮಾತಿನ ಸಾರ. ದೀಕ್ಷೆ ತೆಗೆದುಕೊಂಡ ಮೊದಲ ವರ್ಷ ಪಂಚಶೀಲ ಪಾಲಿಸಲು ಒದ್ದಾಡುವವರು ಧೈರ್ಯ ತಂದುಕೊಳ್ಳಬಹುದು. ಚಕ್ರವರ್ತಿಗೂ ಹಾಗೇ ಆಗಿತ್ತು.

ಅದೇ ಬ್ರಹ್ಮಗಿರಿಯ ಶಾಸನದಲ್ಲಿ ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಬಗ್ಗೆ ದಯೆ ದೃಢವಾಗಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಬೋಧೆ ಇದೆ. ಆ ಶಾಸನವನ್ನು ಬರೆದ ಲಿಪಿಕಾರನ ಹೆಸರು ಚಪಡ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಖಚಿತವಾಯಿತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅವನ ಶಾಸನದ ಕಲ್ಲು ಗುಡಿಯ ವಿಗ್ರಹಕ್ಕೆ ಪೀಠವಾಗಿ ಕೂತಿತ್ತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಹೆಸರನ್ನೇ ಕೊರೆದ ಶಿಲ್ಪ ದೊರೆತಿದೆ. ಅಶೋಕ ನಮಗೆ ದೂರದ ಮಗಧದವನಲ್ಲ.

ಪಟ್ಟಕ್ಕೆ ಬಂದು ಹತ್ತು ವರ್ಷವಾದಾಗ ಅಶೋಕ ಬೋಧಗಯೆಗೆ ಹೋದ. ಅಲ್ಲಿಯವರೆಗೆ ರಾಜರು ಬೇಟೆಗಾಗಿ ವಿಹಾರ ಹೋಗುತ್ತಿದ್ದರು. ಆತ ಅದನ್ನು ನಿಲ್ಲಿಸಿ ಧಮ್ಮಯಾತ್ರೆ ಶುರುಮಾಡಿದ. ಆಮೇಲೆ ತನ್ನ ಅಡುಗೆಮನೆಯ ಕಡೆ ನೋಡಿದ. ಅರಮನೆಯ ಪಾಕಶಾಲೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವೆಂದು ಅವನೇ ಒಪ್ಪಿಕೊಂಡಿದ್ದಾನೆ. ಅದು ಎರಡು ನವಿಲು, ಒಂದು ಜಿಂಕೆಗೆ ಇಳಿಯಿತು. ಜಿಂಕೆಯೂ ದಿನಾ ಇಲ್ಲ, ಮುಂದೆ ಇವೂ ಇಲ್ಲ ಎಂದು ಸಾರಿದ. ಪೂರ್ತಿ ಬಿಟ್ಟುಬಿಟ್ಟೆ ಎಂದು ಸುಳ್ಳು ಹೇಳಲಿಲ್ಲ. ಇನ್ನೂ ಮೂರು ಉಳಿದಿವೆ ಎಂದು ಕಲ್ಲಿನ ಮೇಲೆ ಹೇಳಿದ. ಇದೇ ಶಾಸನದಲ್ಲಿ ಯಜ್ಞಕ್ಕಾಗಿ ಪ್ರಾಣಿ ಕೊಲ್ಲಬಾರದೆಂಬ ಆಜ್ಞೆ ಇದೆ. ನಮ್ಮ ಗಡಿಯಾಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೂ ಅದು ಇದೆ.

ಈ ಆಜ್ಞೆಯ ತೂಕ ತಿಳಿಯಬೇಕಾದರೆ ಅಶ್ವಮೇಧವನ್ನು ನೆನಪಿಸಿಕೊಳ್ಳಬೇಕು. ರಾಜ ಒಂದು ಕುದುರೆಯನ್ನು ಒಂದು ವರ್ಷ ಅಲೆಯಲು ಬಿಡುತ್ತಿದ್ದ. ಅದು ಕಾಲಿಟ್ಟ ನೆಲವೆಲ್ಲ ಅವನದು. ವರ್ಷ ತುಂಬಿದ ಮೇಲೆ ಆ ಕುದುರೆಯನ್ನೇ ಯಜ್ಞದಲ್ಲಿ ಕೊಲ್ಲುತ್ತಿದ್ದರು. ಭಗವಾನ್ ಬುದ್ಧರು ಅಶ್ವಮೇಧದಂಥ ಯಜ್ಞಗಳಿಂದ ಯಾವ ಪುಣ್ಯವೂ ಇಲ್ಲವೆಂದು ಸ್ಪಷ್ಟವಾಗಿ ಹೇಳಿದ್ದರು. ಇನ್ನೂರು ವರ್ಷಗಳ ನಂತರ, ದೇಶದ ಬಹುಭಾಗವನ್ನು ಆಳುತ್ತಿದ್ದ, ಅಶ್ವಮೇಧ ಮಾಡಲು ಎಲ್ಲರಿಗಿಂತ ಹೆಚ್ಚು ಶಕ್ತಿಯಿದ್ದ ಒಬ್ಬ ರಾಜ ಆ ಮಾತನ್ನು ರಾಜಾಜ್ಞೆ ಮಾಡಿದ.

ಮುಂದಿನ ಹೆಜ್ಜೆ ಆಸ್ಪತ್ರೆ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ಸಿಗುವಂತೆ ಮಾಡಿದ. ಔಷಧಿಯ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದ. ನಾವು ಪಾಠದಲ್ಲಿ ಓದುವ ಸಾಲುಮರ, ಬಾವಿಗಳೂ ಮನುಷ್ಯರಿಗಷ್ಟೇ ಅಲ್ಲ, ದಾರಿಯಲ್ಲಿ ದಣಿದ ಪ್ರಾಣಿಗಳಿಗೂ ಎಂದು ಅವನ ಶಾಸನವೇ ಹೇಳುತ್ತದೆ. ಇಪ್ಪತ್ತನೆಯ ವರ್ಷದಲ್ಲಿ ಲುಂಬಿನಿಗೆ ಹೋಗಿ ಸ್ತಂಭ ನಿಲ್ಲಿಸಿದ, ಆ ಊರಿನ ತೆರಿಗೆ ಇಳಿಸಿದ. ಆ ಸ್ತಂಭದ ತುದಿಯಲ್ಲಿ ಕುದುರೆಯ ಶಿಲ್ಪವಿತ್ತೆಂದು ಚೀನಾದ ಭಿಕ್ಷು ಹ್ಯೂಯೆನ್ ತ್ಸಾಂಗ್ ದಾಖಲಿಸಿದ್ದಾರೆ. ಸಿದ್ಧಾರ್ಥನನ್ನು ಮನೆಯಿಂದ ಆಚೆಗೆ ಕರೆದೊಯ್ದ ಕಂಥಕ ನಮಗೆ ನೆನಪಾಗದೆ ಇರುವುದಿಲ್ಲ.

ಪಟ್ಟಕ್ಕೆ ಬಂದು ಇಪ್ಪತ್ತಾರು ವರ್ಷವಾದಾಗ ಐದನೆಯ ಸ್ತಂಭಶಾಸನ ಬಂತು. ಇದೊಂದು ಪೂರ್ಣ ಕಾಯ್ದೆಯಂತಿದೆ. ಕೊಲ್ಲಬಾರದ ಪ್ರಾಣಿಪಕ್ಷಿಗಳ ಉದ್ದ ಪಟ್ಟಿ ಅದರಲ್ಲಿದೆ. ಗಬ್ಬವಾದ ಅಥವಾ ಹಾಲುಣಿಸುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದು. ಕಾರಣವಿಲ್ಲದೆ ಕಾಡಿಗೆ ಬೆಂಕಿ ಹಚ್ಚಬಾರದು. ಜೀವಿಗಳಿರುವ ಹೊಟ್ಟನ್ನು ಸುಡಬಾರದು. ಕೆಲವು ದಿನಗಳಲ್ಲಿ ಹೋರಿ, ಟಗರುಗಳ ಬೀಜ ಒಡೆಯಬಾರದು. ಪುಷ್ಯ ಮತ್ತು ಪುನರ್ವಸು ನಕ್ಷತ್ರಗಳ ದಿನ, ಚಾತುರ್ಮಾಸದ ಹುಣ್ಣಿಮೆಗಳಲ್ಲಿ, ಆ ಪಕ್ಷಗಳಲ್ಲಿ ಕುದುರೆಗೂ ಎತ್ತಿಗೂ ಕಾದ ಕಬ್ಬಿಣದ ಬರೆ ಹಾಕಬಾರದು.

ಕೆಲವು ದಿನ ಮಾತ್ರ ಬರೆ ಇಲ್ಲ ಎಂದರೆ ಇದೇನು ದೊಡ್ಡ ವಿಷಯ ಎನ್ನಿಸಬಹುದು. ಸೈನ್ಯದ ಕುದುರೆ ಸರ್ಕಾರದ ಸೊತ್ತು, ಬರೆ ಅದರ ಗುರುತು. ಸರ್ಕಾರದ ಸೊತ್ತಿಗೂ ನೋವಾಗುತ್ತದೆ ಎಂದು ಸರ್ಕಾರವೇ ಒಪ್ಪಿಕೊಂಡದ್ದು ಇಲ್ಲಿಯ ದೊಡ್ಡ ವಿಷಯ. ಅದೇ ಶಾಸನದ ಕೊನೆಯಲ್ಲಿ ಇನ್ನೊಂದು ಸಂಗತಿ ಇದೆ. ಅಷ್ಟು ವರ್ಷಗಳಲ್ಲಿ ಇಪ್ಪತ್ತೈದು ಬಾರಿ ಸೆರೆಮನೆಯ ಕೈದಿಗಳನ್ನು ಬಿಡುಗಡೆ ಮಾಡಿದ್ದೇನೆ ಎನ್ನುತ್ತಾನೆ. ಕುದುರೆಯ ಬರೆ, ಕೈದಿಯ ಸರಪಳಿ ಎರಡೂ ಒಂದೇ ಕಲ್ಲಿನಲ್ಲಿವೆ.

ಇದನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಏಕೆಂದರೆ ಪ್ರಾಣಿದಯೆಯ ಹೆಸರಿನಲ್ಲಿ ನಮ್ಮವರ ತಟ್ಟೆಗೆ ಕೈಹಾಕಿದ, ನಮ್ಮವರ ಮೈಮೇಲೆ ಬಿದ್ದ ಘಟನೆಗಳನ್ನು ನಾವು ನೋಡಿದ್ದೇವೆ. ಸತ್ತ ದನ ಎಳೆಯುವ ಕೆಲಸವನ್ನು ತಲೆಮಾರುಗಳ ಕಾಲ ನಮ್ಮ ಹಿರಿಯರ ಹೆಗಲಿಗೆ ಕಟ್ಟಿ, ಆ ಕೆಲಸ ಮಾಡಿದ್ದಕ್ಕೇ ಅವರನ್ನು ಊರಾಚೆ ಇಟ್ಟ ಸಮಾಜ ಇದು. ಬಾಬಾಸಾಹೇಬರು 1948ರಲ್ಲಿ ಪ್ರಕಟವಾದ ಅಸ್ಪೃಶ್ಯರ ಮೂಲದ ಕುರಿತ ಪುಸ್ತಕದಲ್ಲಿ ಇದೇ ಐದನೆಯ ಸ್ತಂಭಶಾಸನವನ್ನು ಪರಿಶೀಲಿಸಿದ್ದಾರೆ. ಅಶೋಕ ಗೋಹತ್ಯೆಯನ್ನು ಅಪರಾಧ ಮಾಡಿದ್ದನೆಂಬುದಕ್ಕೆ ಆಧಾರವಿಲ್ಲ, ಅವನ ಕಾಳಜಿ ಒಂದು ಪ್ರಾಣಿಯ ಪಾವಿತ್ರ್ಯವಲ್ಲ, ಎಲ್ಲ ಜೀವಗಳ ಮೇಲಿನ ಅನಗತ್ಯ ಹಿಂಸೆ ಎಂಬುದು ಅವರ ನಿಲುವು. ಬುದ್ಧರ ಅಹಿಂಸೆಯನ್ನು ವಿವರಿಸುವಾಗಲೂ ಬಾಬಾಸಾಹೇಬರು ಕೊಲ್ಲುವ ಬಯಕೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಿಡಿಸಿ ಹೇಳಿದ್ದಾರೆ. ಆದ್ದರಿಂದ ಕರುಣೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಗಿಲ್ಲ. ಅದು ನಮ್ಮದೇ. ನಾಗಪುರದಲ್ಲಿ ಸ್ವೀಕರಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಹದಿಮೂರನೆಯದು ಎಲ್ಲ ಜೀವಿಗಳ ಮೇಲಿನ ದಯೆ ಮತ್ತು ರಕ್ಷಣೆಯ ಪ್ರತಿಜ್ಞೆ.

ಇಪ್ಪತ್ತೇಳನೆಯ ವರ್ಷದಲ್ಲಿ ಅಶೋಕ ಏಳನೆಯ ಸ್ತಂಭಶಾಸನ ಬರೆಸಿದ. ಈಗ ಅದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿದೆ. ಅಲ್ಲಿ ತನ್ನ ಕೆಲಸವನ್ನೆಲ್ಲ ಹಿಂತಿರುಗಿ ನೋಡಿ ಒಂದು ಲೆಕ್ಕ ಹಾಕುತ್ತಾನೆ. ಜನ ಧಮ್ಮದಲ್ಲಿ ಮುಂದುವರಿದದ್ದು ಎರಡು ದಾರಿಯಿಂದ. ಒಂದು ನಿಯಮ, ಇನ್ನೊಂದು ಮನವರಿಕೆ. ಪ್ರಾಣಿಗಳ ವಧೆ ನಿಷೇಧಿಸಿ ನಿಯಮಗಳನ್ನು ಮಾಡಿದ್ದು ನಿಜ, ಆದರೆ ಹೆಚ್ಚು ಫಲ ಕೊಟ್ಟದ್ದು ಮನವರಿಕೆಯೇ ಎಂಬುದು ಅವನ ತೀರ್ಮಾನ. ಕೈಯಲ್ಲಿ ಎಲ್ಲ ದಂಡಾಧಿಕಾರ ಇದ್ದವನು ದಂಡದ ಮಿತಿಯನ್ನು ಕಂಡುಕೊಂಡಿದ್ದ.

ಅವನ ಕೊನೆಯ ದಿನಗಳು ಸುಖದ್ದಲ್ಲವೆಂದು ಬೌದ್ಧ ಕಥೆಗಳು ಹೇಳುತ್ತವೆ. ಮಂತ್ರಿಗಳು ಅಧಿಕಾರ ಕಿತ್ತುಕೊಂಡರು, ದಾನ ಕೊಡಲು ಕೈಯಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ, ಅದನ್ನೂ ಸಂಘಕ್ಕೆ ಕಳಿಸಿದ. ಕ್ರಿ.ಪೂ. 232ರ ಸುಮಾರಿಗೆ ತೀರಿಕೊಂಡ. ಐವತ್ತು ವರ್ಷ ಕಳೆಯುವುದರೊಳಗೆ ಕೊನೆಯ ಮೌರ್ಯ ರಾಜ ಬೃಹದ್ರಥನನ್ನು ಅವನ ಸೇನಾಪತಿ ಪುಷ್ಯಮಿತ್ರ ಶುಂಗ ಕೊಂದ. ಪುಷ್ಯಮಿತ್ರ ಎರಡು ಅಶ್ವಮೇಧ ಮಾಡಿದನೆಂದು ಅಯೋಧ್ಯೆಯ ಶಾಸನವೊಂದು ದಾಖಲಿಸಿದೆ. ಬಾಬಾಸಾಹೇಬರು ಇದನ್ನು ಪ್ರತಿಕ್ರಾಂತಿ ಎಂದು ಕರೆದರು. ನಮ್ಮ ನಾಡಿನಲ್ಲೂ ಒಂದನೆಯ ಪುಲಕೇಶಿ ಅಶ್ವಮೇಧ ಮಾಡಿದ್ದನ್ನು ಕ್ರಿ.ಶ. 543ರ ಬಾದಾಮಿಯ ಬಂಡೆ ಹೇಳುತ್ತದೆ. ಮನವರಿಕೆ ನಿಂತ ಕಡೆ ಕುದುರೆ ಮತ್ತೆ ಯಜ್ಞಕಂಬಕ್ಕೆ ಬಂದಿತ್ತು.

ಇಂದು ಅಶ್ವಮೇಧ ಇಲ್ಲ. 1959ರಲ್ಲಿ ಆಗಿನ ಮೈಸೂರು ರಾಜ್ಯ ಪ್ರಾಣಿಬಲಿ ತಡೆ ಕಾಯ್ದೆ ಮಾಡಿತು. 1960ರಲ್ಲಿ ಸಂಸತ್ತು ಪ್ರಾಣಿಹಿಂಸೆ ತಡೆ ಕಾಯ್ದೆ ಮಾಡಿತು. ಮೊದಲು ಅದಕ್ಕಾಗಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ಒತ್ತಾಯಿಸಿದವರು ರುಕ್ಮಿಣಿ ದೇವಿ ಅರುಂಡೇಲ್. ಆದರೂ 2012ರಿಂದ 2019ರ ಜಾನುವಾರು ಗಣತಿಯ ನಡುವೆ ದೇಶದ ಕುದುರೆಗಳು ಸುಮಾರು 6.25 ಲಕ್ಷದಿಂದ 3.4 ಲಕ್ಷಕ್ಕೆ, ಕತ್ತೆಗಳು ಸುಮಾರು 3.2 ಲಕ್ಷದಿಂದ 1.2 ಲಕ್ಷಕ್ಕೆ ಇಳಿದವು. ಗಾಡಿಯ ಜಾಗಕ್ಕೆ ಆಟೋ ಬಂದದ್ದು ಒಂದು ಕಾರಣ. ಚರ್ಮ ಮತ್ತು ಮಾಂಸಕ್ಕಾಗಿ ಕದ್ದು ಕಡಿಯುವುದು ಇನ್ನೊಂದು. ಮಾಂಸಕ್ಕೆ ಕಡಿಯಬಹುದಾದ ಪ್ರಾಣಿಗಳ ಸರ್ಕಾರಿ ಪಟ್ಟಿಯಲ್ಲಿ ಕುದುರೆ, ಕತ್ತೆ ಇಲ್ಲ. ಕಾನೂನು ಇದೆ, ಪ್ರಾಣಿ ಉಳಿಯುತ್ತಿಲ್ಲ.

ಹಾಗಾದರೆ ಶಾಸಕರನ್ನು ಕೇಳುವುದೇನು? ಬರೀ ನಿಷೇಧ ಕೇಳಿದರೆ ಸಿಕ್ಕಿಬೀಳುವವನು ಕತ್ತೆ ಮಾರಿದ ಬಡ ಅಗಸ ಅಥವಾ ಜಟಕಾದವನು. ದೊಡ್ಡ ವ್ಯಾಪಾರಿ ತಪ್ಪಿಸಿಕೊಳ್ಳುತ್ತಾನೆ. ಬುದ್ಧರು ಕೂಟದಂತನಿಗೆ ಹೇಳಿದ ಕಥೆಯಲ್ಲಿ ರಾಜ ಮೊದಲು ರೈತನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ನೌಕರನಿಗೆ ಸಂಬಳ ಕೊಟ್ಟ. ಆಮೇಲೆ ನಡೆದ ಯಜ್ಞದಲ್ಲಿ ಒಂದು ಪ್ರಾಣಿಯೂ ಸಾಯಲಿಲ್ಲ. ಪ್ರಾಣಿಯನ್ನು ನಂಬಿದವನ ಬದುಕಿಗೆ ದಾರಿ, ಹತ್ತಿರದಲ್ಲಿ ಪಶು ಆಸ್ಪತ್ರೆ, ಸಾಗಣೆ ಮಾಡುವ ಜಾಲಕ್ಕೆ ಶಿಕ್ಷೆ. ಕೇಳಬೇಕಾದ ಕ್ರಮ ಇದು.

ಮನವರಿಕೆಯ ಕೆಲಸ ಮಾತ್ರ ಶಾಸಕರದ್ದಲ್ಲ, ನಮ್ಮದು. ಮಾರಿಹಬ್ಬ ಬಂದಾಗ ಬಲಿ ಬೇಡವೆಂದು ಮನೆಯ ಹಿರಿಯರಿಗೆ ಜಗಳವಾಡದೆ ತಿಳಿಹೇಳುವುದು ಕಾಯ್ದೆ ತೋರಿಸುವುದಕ್ಕಿಂತ ಕಷ್ಟ. ಅಶೋಕ ಅದಕ್ಕೇ ಹೆಚ್ಚು ಬೆಲೆ ಕೊಟ್ಟ.

ಮೈಸೂರಿನಲ್ಲಿ ಜಂಬೂಸವಾರಿ ಹೊರಡುವ ದಿನವೇ ನಮಗೆ ಅಶೋಕ ವಿಜಯದಶಮಿ. ಆ ದಿನವೇ 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡರು. ಈ ಸಲ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರು ಹಾದುಹೋಗುವಾಗ ಸವಾರನ ಪೇಟದ ಜೊತೆಗೆ ಕುದುರೆಯ ಬಾಯಿಯ ಲಗಾಮನ್ನೂ ಕಾಲಿನ ಲಾಳವನ್ನೂ ನೋಡಿ, ಪಕ್ಕದಲ್ಲಿರುವ ಮಗುವಿಗೆ ಈ ಚಕ್ರವರ್ತಿಯ ಕಥೆ ಹೇಳಿ.

ಇಂದಿನ ಅಭ್ಯಾಸ: ಸಂಜೆ ಐದು ನಿಮಿಷ ಮೈತ್ರಿ ಧ್ಯಾನ. ಮೊದಲು ನಮಗೆ, ಆಮೇಲೆ ಮನೆಯವರಿಗೆ, ಆಮೇಲೆ ನಮಗಾಗಿ ಭಾರ ಹೊತ್ತ ಪ್ರಾಣಿಗಳಿಗೆ, ಕೊನೆಗೆ ಆ ಪ್ರಾಣಿಗಳ ಜೊತೆ ತಾವೂ ಭಾರ ಹೊತ್ತ ಮನುಷ್ಯರಿಗೆ.

ನಮೋ ಬುದ್ಧಾಯ. ಜೈ ಭೀಮ್.
ಓದಿ, ಮನೆಯಲ್ಲಿ ಓದಿಸಿ, ಇತರರಿಗೂ ಕಳಿಸಿ.